ಸರಾಸರಿ ಬಿಸಿ

ರಜೆಗೆ ನರಗುಂದಕ್ಕೆ ಬಂದರೂ ಹಾಳು ಲ್ಯಾಪ್‌ಟಾಪ್ ನನ್ನನ್ನು ಬಿಡಲಿಲ್ಲ. ಪೈಪುಗಳು ಕೂಡುವಲ್ಲಿ ಬಿಸಿನೀರು, ತಣ್ಣೀರು ಹೇಗೆ ಸುಳಿಸುತ್ತಿ ಬೆರೆಯುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅವ್ವ ಇಣುಕಿದಳು. ಪರದೆಯಲ್ಲಿ ಕೆಂಪು, ನೀಲಿ ಒಂದನ್ನೊಂದು ಅಟ್ಟಾಡಿಸುತ್ತಿದ್ದವು.

"ಕಣ್ಣ ತಿರಗತಾವಲ್ಲೋ!"

ಸರಾಸರಿ ತೆಗೆದ ಚಿತ್ರ ತೋರಿಸಿದೆ. ಪೈಪಿನ ತುಂಬ ಒಂದೇ ಸಮನೆಯ ಹಸಿರು.

"ಇದ ಚಲೋ ಐತಿ," ಅಂದಳು.

"ಇದನ್ನ ನಂಬಬಾರದಬೇ. ಗಳಿಗಿಗೊಮ್ಮೆ ಬಿಸಿ, ಗಳಿಗಿಗೊಮ್ಮೆ ತಂಪ ತಡಕೊಂಡ ತಡಕೊಂಡ ಪೈಪ್ ಒಂದಿನ ಸೀಳತೈತಿ."

ಅಷ್ಟರಲ್ಲಿ ಚಹಾ ತಡವಾಯಿತೆಂದು ಕಟ್ಟೆಯ ಮೇಲಿಂದ ಅಪ್ಪ ಹರಿಹಾಯ್ದ. ಮುಂಜಾನೆಯಷ್ಟೇ ಅವಳಿಗೆಂದು ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದವನೂ ಅವನೇ.

ಅವ್ವ ಮೊಣಕಾಲು ಹಿಡಿದು ಎದ್ದಳು.

"ಸರಾಸರಿ ತಗದ್ರ ನಿಮ್ಮಪ್ಪನೂ ಭಾಳ ಶಾಂತ ಮನಷ್ಯಾನ ಬಿಡು."