ಒಳಗೆ ಬಿಟ್ಟ ಬಟ್ಟೆ

ನಾಲ್ಕೈದು ದಿನದ ಹಿಂದೆ ಅವ್ವ ಲಕ್ಷ್ಮೀ ರಸ್ತೆಯಿಂದ ಎರಡು ಖಣ ತಂದಳು. ಹೊಸ ಖಣಕ್ಕೆ ಒಂದು ವಾಸನೆ ಇರುತ್ತದೆ, ಗಂಜಿಯದ್ದೂ ಬಣ್ಣದ್ದೂ ಕೂಡಿದ್ದು. ಚೀಲದಿಂದ ತೆಗೆಯುವ ಮೊದಲೇ ನನಗೆ ಗೊತ್ತಾಯಿತು. ನಾಗರಪಂಚಮಿಗೆ ಇನ್ನು ಎಂಟು ದಿನ ಇತ್ತು. ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತಾಯಿ ಮಗಳಿಗೆ ಖಣ ಕೊಡುತ್ತಾಳೆ, ಮಗಳು ಅದರ ಕುಬಸ ಹೊಲಿಸಿಕೊಳ್ಳುತ್ತಾಳೆ. ರವಿಕೆಗೆ ನಮ್ಮ ಮನೆಯಲ್ಲಿ ಕುಬಸ ಎನ್ನುವುದು ರೂಢಿ. ಒಂದು ಹಸಿರು ಖಣ, ಇನ್ನೊಂದು ಕುಂಕುಮದ ಬಣ್ಣದ್ದು. ಎರಡನ್ನೂ ಹೊಲಿಗೆಯ ಮಷೀನಿನ ಮೇಲಿಟ್ಟು ಅವ್ವ, "ಪಂಚಮಿ ಒಳಗ ಎರಡೂ ಹೊಲದ ಇಡು" ಎಂದಳು.

ನಾನು "ಆತು" ಎಂದೆ.

ಎರಡನೆಯ ಖಣ ನನ್ನ ತಂಗಿ ನೀಲಾಳದು. ನೀಲಾ ತೀರಿಕೊಂಡು ಒಂದು ವರ್ಷ ದಾಟಿತು. ಹೋದ ವರ್ಷ ನಾವು ಹಬ್ಬ ಮಾಡಲಿಲ್ಲ. ಅವ್ವನಿಗೆ ಎಪ್ಪತ್ತು ದಾಟಿದೆ, ಒಲೆಯ ಮೇಲೆ ಹಾಲಿಟ್ಟದ್ದನ್ನು ಒಮ್ಮೊಮ್ಮೆ ಮರೆಯುತ್ತಾಳೆ. ಇದನ್ನೂ ಮರೆತಳೇನೋ ಎಂದು ಹೆದರಿದೆ. ನೆನಪು ಮಾಡಿಕೊಡುವ ಧೈರ್ಯವಾಗದೆ ಆತು ಎಂದುಬಿಟ್ಟೆ. ಎದುರಿಗಿದ್ದವರ ಮುಖ ಬಾಡಬಾರದೆಂದು ಸುಳ್ಳು ಹೇಳುವುದು ನನ್ನ ಹಳೆಯ ಚಟ. ಆ ಚಟದಿಂದ ಒಮ್ಮೆ ಏನಾಯಿತು ಎಂಬುದನ್ನೇ ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ.

ನಮ್ಮಪ್ಪ ಬಾಗಲಕೋಟೆಯ ಕಡೆಯಿಂದ ಗುಮಾಸ್ತನಾಗಿ ಪುಣೆಗೆ ಬಂದವರು. ಸದಾಶಿವ ಪೇಠದಲ್ಲಿ, ಹತ್ತಾರು ಸಂಸಾರಗಳ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು, ಅಲ್ಲಿಯೇ ತೀರಿಕೊಂಡರು. ನೀಲಾ ಹುಟ್ಟಿದಾಗ ಗಂಡುಮಗು ಎಂದು ಇಡೀ ವಾಡೆಗೆ ಪೇಢೆ ಹಂಚಿದರಂತೆ. ಆಗ ಇಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಕೆಳಗಿಟ್ಟು ಹೋದದ್ದನ್ನು ನಾನೇಕೆ ಎತ್ತಿಕೊಳ್ಳಲಿ. ಕೆಳಗಿನ ಓಣಿಯ ಅಂಗಡಿಯೊಂದರಲ್ಲಿ ಅವಳು ಕೋಚಿಂಗ್ ಕ್ಲಾಸಿನವರ ನೋಟ್ಸ್ ಟೈಪು ಮಾಡುತ್ತಿದ್ದಳು. ಇಪ್ಪತ್ತೆಂಟನೆಯ ವಯಸ್ಸಿಗೆ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು ಹೋದಳು. ಅಲ್ಲಿ ಕೂದಲು ಬಿಟ್ಟಳು, ನೀಲಾ ಆದಳು. ಅದು ತೊಂಬತ್ತರ ದಶಕದ ನಡು. ಅವ್ವ ಏನೂ ಅನ್ನಲಿಲ್ಲ, ಏನೂ ಕೇಳಲಿಲ್ಲ. ದೀಪಾವಳಿಗೆ ಎಂದಿನಂತೆ ಅಂಗಿಯ ಬಟ್ಟೆ ತಂದು ಕೊಡುತ್ತಿದ್ದಳು. ನೀಲಾ ಎಂದಿನಂತೆ ಅದನ್ನು ತೆಗೆದುಕೊಂಡು ಹೋಗುತ್ತಿದ್ದಳು.

ನನ್ನದು ಹತ್ತನೆಯ ಇಯತ್ತೆಯವರೆಗಿನ ಓದು. ಮದುವೆ ಕೂಡಿ ಬರಲಿಲ್ಲ, ಹೊಲಿಗೆ ಕೂಡಿ ಬಂತು. ರಸ್ತೆಯ ಆಚೆ ನಡೆದು ಹೋಗುವ ಹೆಂಗಸಿನ ಅಳತೆಯನ್ನು ಈಚೆ ನಿಂತು ಹೇಳಬಲ್ಲೆ ಎಂದು ಆಗ ಜಂಬ ಕೊಚ್ಚುತ್ತಿದ್ದೆ. ಹೇಳಬಲ್ಲೆ, ನಿಜ. ಆದರೆ ಆ ಹೆಂಗಸಿನ ಮುಂದೆ ಹೇಳುವಂತಿಲ್ಲ. ಟೇಪು ಹಿಡಿಸಿಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ. ಹಳೆಯದೊಂದು ಕುಬಸ ತಂದು, "ಇದೇ ಅಳತಿಗೆ ಹೊಲೀರಿ" ಎನ್ನುತ್ತಾರೆ. ಆ ಕುಬಸ ಮೂರು ಹೆರಿಗೆಯ ಹಿಂದಿನದು. ಹೊಸದು ಬಿಗಿಯಾದರೆ ಬೈಗುಳ ನನಗೆ. ಬೆಳೆಯುವ ಹುಡುಗಿಯರ ತಾಯಂದಿರು ಮಾತ್ರ ಜಾಣರು. "ಒಳಗ ಬಟ್ಟಿ ಬಿಡ್ರಿ" ಎನ್ನುತ್ತಾರೆ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟರೆ ಮುಂದಿನ ವರ್ಷ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು.

ಒಂದು ಮಧ್ಯಾಹ್ನ ಅವ್ವ ಪುರಾಣ ಕೇಳಲು ಹೋಗಿದ್ದಾಗ ನೀಲಾ ಬಂದಳು. ಕ್ಯಾಂಪಿನಲ್ಲಿ ಹಾರ್ಮೋನಿನ ಡಾಕ್ಟರರೊಬ್ಬರು ಸಿಕ್ಕಿದ್ದರು, ವಯಸ್ಸಾದ ಹೆಂಗಸು. ಅವರು ಕೊಟ್ಟ ಗುಳಿಗೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಮೊಲೆತೊಟ್ಟಿನ ಹಿಂದೆ ಅಡಿಕೆಯಷ್ಟು ಗಟ್ಟಿ ಗಂಟು ಎದ್ದಿತ್ತು. ಬಸ್ಸಿನಲ್ಲಿ ಯಾರದಾದರೂ ಮೊಳಕೈ ತಗುಲಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂದಳು, ನಗುತ್ತ.

"ಡಾಕ್ಟರ್ ಏನಂದ್ರು?" ಎಂದು ಕೇಳಿದೆ.

ಅವರು ಮರಾಠಿಯಲ್ಲಿ ಹೇಳಿದ್ದನ್ನು ನೀಲಾ ಕನ್ನಡದಲ್ಲಿ ಒಪ್ಪಿಸಿದಳು. "ಹದಿಮೂರ ವರ್ಷದ ಹುಡುಗಿಗೆ ಆದಂಗ ಆಗತದ. ಎರಡು ವರ್ಷ, ಭಾಳಂದ್ರ ಮೂರು ವರ್ಷ ಬೆಳೀತದ. ಆಮ್ಯಾಲೆ ನಿಂದರತದ. ಎಲ್ಲಿ ನಿಂದರತದ ಅಂತ ಯಾರೂ ಹೇಳಂಗಿಲ್ಲ. ಭಾಳ ಮಂದಿಗೆ ಸಣ್ಣದ ಉಳೀತದ. ಗುಳಿಗಿ ಹೆಚ್ಚ ನುಂಗಿದ್ರ ಹೆಚ್ಚ ಬೆಳಿಯೂದಿಲ್ಲ, ರಕ್ತ ಹೆಪ್ಪುಗಟ್ಟತದ ಅಷ್ಟ." ಆಮೇಲೆ ಕೇಳಿದಳು: "ಮನಿತನದಾಗ ಇದ್ದಂಗ ಬರಬಹುದಲ್ಲಕ್ಕಾ? ನಿನ್ನಷ್ಟರ ಆಗಬೇಕಲ್ಲ?"

ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು ಎಂದು ಡಾಕ್ಟರರೇ ಹೇಳಿದ್ದರು. ಹತ್ತನೆಯ ಇಯತ್ತೆಯ ನಾನು, "ಆಗತದ, ಯಾಕ ಆಗೂದಿಲ್ಲ?" ಎಂದೆ.

ಅವಳಿಗೆ ಅಳತೆಗೆ ಕೊಡಲು ಹಳೆಯ ಕುಬಸ ಇರಲಿಲ್ಲ. ಟೇಪು ಹಿಡಿಯಲು ಬಿಡಲಿಲ್ಲ, ಈಗಲೇ ಬೇಡ ಎಂದಳು. ಬೆನ್ನು, ಭುಜ ನನಗಿಂತ ಅಗಲ. ಅವಳ ಅಂಗಿಯೊಂದನ್ನು ಹರವಿ ಅದಕ್ಕೆ ಸರಿಯಾಗಿ ಅವೆರಡನ್ನೂ ಕತ್ತರಿಸಿದೆ. ಎದೆಯ ಭಾಗವನ್ನು ಮಾತ್ರ ನನ್ನ ಕುಬಸದ ಅಳತೆಗೆ ಕತ್ತರಿಸಿ, ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಚಿ, ಅರ್ಧರ್ಧ ಬೆರಳಿಗೆ ಒಂದರಂತೆ ಮೂರು ಸಾಲು ಹೊಲಿಗೆ ಹಾಕಿದೆ. ಬೆಳೆದಂತೆ ಒಂದೊಂದು ಸಾಲು ಬಿಚ್ಚುವುದು. ಮೂರನ್ನೂ ಬಿಚ್ಚಿದ ದಿನ ಅವಳು ನನ್ನಷ್ಟು ಆಗುತ್ತಾಳೆ. ಇದು ನನ್ನದೇ ಯೋಚನೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ಕುಬಸ ನನ್ನ ಟ್ರಂಕಿನಲ್ಲೇ ಇರುತ್ತಿತ್ತು. ಎರಡು ಮೂರು ತಿಂಗಳಿಗೊಮ್ಮೆ, ಪುರಾಣದ ಮಧ್ಯಾಹ್ನ, ನೀಲಾ ಬಂದು ತೊಟ್ಟು ನೋಡುತ್ತಿದ್ದಳು. ಮೊದಲ ವರ್ಷ ಒಂದು ಸಾಲು ಬಿಚ್ಚಿದೆವು. ಅವಳು ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಕ್ಯಾಂಪಿನವರೆಗೂ ಹೋದಳು. ಎರಡನೆಯ ವರ್ಷದ ಕೊನೆಗೆ ಎರಡನೆಯ ಸಾಲು ಬಿಚ್ಚಿದೆವು. ನಿಜ ಹೇಳಬೇಕೆಂದರೆ ಅದನ್ನು ಬಿಚ್ಚುವ ಅಗತ್ಯ ಇರಲಿಲ್ಲ, ಅವಳ ಆಸೆಗಾಗಿ ಬಿಚ್ಚಿದ್ದು. ಆಮೇಲೆ ಕುಬಸ ಮುಂದೆ ಸಡಿಲವಾಗಿಯೇ ಉಳಿಯಿತು. ಮೂರು ತಿಂಗಳು ಬಿಟ್ಟು ನೋಡಿದರೂ ಹಾಗೇ, ಆರು ತಿಂಗಳು ಬಿಟ್ಟು ನೋಡಿದರೂ ಹಾಗೇ. ಅವಳು ಕನ್ನಡಿಯ ಮುಂದೆ ನಿಂತು ಸಡಿಲ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯುತ್ತಿದ್ದಳು, ಮತ್ತೆ ಬಿಡುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಒಂದು ಸಲ ಅವಳು ಬರುವ ಹಿಂದಿನ ದಿನ ಕುಬಸವನ್ನು ಮಷೀನಿಗೆ ಹಾಕಿ, ಬಿಚ್ಚಿದ ಎರಡನೆಯ ಸಾಲನ್ನು ಅದೇ ಗುರುತಿನ ಮೇಲೆ ಮತ್ತೆ ಹೊಲಿದೆ, ಒಂದಿಷ್ಟು ಒಳಕ್ಕೆ ಸರಿಸಿಯೇ ಹೊಲಿದೆ. ಅದೇ ಬಣ್ಣದ ದಾರ, ಅದೇ ಅಳತೆಯ ಟಾಕೆ. ಅಷ್ಟು ಚೆನ್ನಾಗಿ ನಾನು ಮದುಮಗಳ ಕುಬಸಕ್ಕೂ ಹೊಲಿಗೆ ಹಾಕಿಲ್ಲ. ಬಿಚ್ಚುವುದು ನನ್ನ ಕೆಲಸ, ಅವಳು ಒಳಮೈ ತಿರುಗಿಸಿ ಸಾಲು ಎಣಿಸುತ್ತಿರಲಿಲ್ಲ. ಮರುದಿನ ನೀಲಾ ಗುಂಡಿ ಹಾಕಿಕೊಳ್ಳಲು ಹೋದವಳು ನಿಂತಳು.

"ಅಕ್ಕಾ, ಬಿಗಿ ಆಗ್ಯದ."

"ಹೌದೇನು? ತೋರಸು."

"ನೋಡು, ಹಿಡೀವಲ್ದು. ಇಷ್ಟ ತಿಂಗಳ ನಿಂತಿತ್ತು, ಈಗ ಮತ್ತ ಬೆಳೀಲಿಕತ್ತದ."

ನಾನು ಹಾಕಿದ ಹೊಲಿಗೆಯನ್ನು ನಾನೇ ಬ್ಲೇಡಿನಿಂದ ಬಿಚ್ಚಿದೆ. ಅವಳು ಕುಣಿಯುವುದೊಂದು ಬಾಕಿ. ಅಂದು ಇಬ್ಬರಿಗೂ ಅವಲಕ್ಕಿ ಒಗ್ಗರಿಸಿದೆ, ಅವಳು ಎರಡು ಸಲ ಹಾಕಿಸಿಕೊಂಡಳು. ಆ ಮುಖ ನೋಡಿ ನನಗೆ ಪುಣ್ಯದ ಕೆಲಸ ಮಾಡಿದಂತೆನಿಸಿತು. ಮೂರು ತಿಂಗಳ ನಂತರ ಮತ್ತೆ ಹಾಗೇ ಮಾಡಿದೆ.

ನನಗೆ ತಿಳಿಯದ ಸಂಗತಿ ಒಂದಿತ್ತು. ಬೆಳವಣಿಗೆ ನಿಂತಿತೆಂದು ಕಂಗಾಲಾದ ನೀಲಾ ಡಾಕ್ಟರರಿಗೆ ಹೇಳದೆ ಔಷಧಿ ಅಂಗಡಿಯಿಂದ ಗುಳಿಗೆ ತಂದು ಒಂದಕ್ಕೆ ಎರಡು ನುಂಗುತ್ತಿದ್ದಳು. ಗುಳಿಗೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅವಳಿಗಿದ್ದ ಸಾಕ್ಷಿ ನನ್ನ ಹೊಲಿಗೆಯೊಂದೇ. ಬಿಗಿಯಾಯಿತೆಂದು ಎರಡನ್ನು ಮೂರು ಮಾಡಿದಳು.

ಒಂದು ಬೆಳಿಗ್ಗೆ ಅವಳ ಎಡಗಾಲು ಮೊಳಕಾಲಿನಿಂದ ಕೆಳಗೆ ಕುಂಬಳಕಾಯಿಯಂತೆ ಊದಿಕೊಂಡಿತು. ರಕ್ತನಾಳದಲ್ಲಿ ಹೆಪ್ಪು. ಆಸ್ಪತ್ರೆಗೆ ಸೇರಿಸಬೇಕಾಯಿತು. ಅವ್ವನಿಗೆ ಎಲ್ಲವನ್ನೂ ಹೇಳಬೇಕಾಯಿತು. ಬರುವುದಿಲ್ಲ ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಅವ್ವ ಚಪ್ಪಲಿ ಮೆಟ್ಟಿ ನನಗಿಂತ ಮೊದಲು ರಿಕ್ಷಾದಲ್ಲಿ ಕೂತಿದ್ದಳು.

ಎರಡನೆಯ ದಿನ ಮೈ ಒರೆಸಲು ನರ್ಸು ಬರುವುದು ತಡವಾಯಿತು. ಅವ್ವ ಒದ್ದೆ ಬಟ್ಟೆ ಹಿಂಡಿ ತಾನೇ ಒರೆಸತೊಡಗಿದಳು. ಎದೆಯ ಹತ್ತಿರ ಬಂದಾಗ ನೀಲಾ ಕೈ ಅಡ್ಡ ಹಿಡಿದಳು.

"ನೋಯತದೇನು?" ಎಂದಳು ಅವ್ವ.

ನೀಲಾ ಹೌದೆಂದು ತಲೆಯಾಡಿಸಿದಳು.

"ನನಗೂ ಹಿಂಗ ನೋಯತಿತ್ತು. ನೀರಿಗೆ ಹೋದಾಗ ಕೊಡ ಬಗಲಾಗ ಇಡ್ಲಿಕ್ಕ ಆಗತಿದ್ದಿಲ್ಲ." ಕೈ ಸರಿಸಿ ಮೆಲ್ಲಗೆ ಒರೆಸಿದಳು. "ಇದಕ್ಕ ಕಾಲು ಕಳಕೊಳ್ಳಲಿಕ್ಕೆ ಹೊಂಟಿದ್ದೇನು? ನನಗೇನ ಭಾಳ ಇತ್ತೇನು? ನಿಮ್ಮತ್ತಿ ನನಗ ಹಲಗಿ ಅಂತಿದ್ಲು. ಹಲಗಿ ಆದ್ರೂ ಇಬ್ಬರೂ ಕುಡದ ದೊಡ್ಡವರಾದ್ರಲ್ಲ."

ನೀಲಾ ಅಳುತ್ತಲೇ ನಕ್ಕಳು. ಅವ್ವ ಪಾತ್ರೆಯ ನೀರು ಚೆಲ್ಲಲು ಹೊರಗೆ ಹೋದಳು. ಆಗ ನೀಲಾ ನನ್ನತ್ತ ತಿರುಗಿ, ಡಾಕ್ಟರರು ಬೈದದ್ದನ್ನು ಹೇಳಿದಳು. "ಅವರು ಅಂದ್ರು, ವರ್ಷದಿಂದ ಏನೂ ಬೆಳೆದಿಲ್ಲ ಅಂತ. ನಾ ವಾದಾ ಮಾಡಿದೆ. ಅಳತಿ ಕುಬಸ ಅದ, ನಮ್ಮಕ್ಕ ಹೊಲದದ್ದು, ಎರಡ ಸಲ ಬಿಗಿ ಆಗ್ಯದ, ಅಕಿ ಕೈಲೇ ಬಿಚ್ಚ್ಯಾಳ ಅಂದೆ."

ಇನ್ನು ತಡೆಯಲಾಗಲಿಲ್ಲ. "ನಾನ ಹೊಲದಿದ್ದೆ," ಎಂದೆ.

"ಏನು?"

"ನೀ ಬರೋ ಮೊದಲ ನಾನ ಬಿಗಿ ಮಾಡಿ ಹೊಲದ ಇಟ್ಟಿದ್ದೆ."

"ಎರಡೂ ಸಲ?"

"ಎರಡೂ ಸಲ."

ಅವಳು ಹೊದಿಕೆಯನ್ನು ಎದೆಯ ಮೇಲೆ ಎಳೆದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು. "ಹೊರಗ ಎಲ್ಲಾರೂ ನನಗ ನೀನ ಸುಳ್ಳು ಅಂತಾರ, ಅಕ್ಕಾ," ಎಂದಳು. "ನಿನ್ನ ಹೊಲಿಗಿ ಒಂದರ ಖರೇ ಹೇಳತದ ಅಂತ ತಿಳದಿದ್ದೆ."



ಕಾಲು ವಾಸಿಯಾಯಿತು. ಡಾಕ್ಟರರು ಕೆಲವು ದಿನ ಗುಳಿಗೆ ನಿಲ್ಲಿಸಿ, ಆಮೇಲೆ ಬೇರೆ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಎರಡು ತಿಂಗಳು ನೀಲಾ ನಮ್ಮ ಮನೆಯತ್ತ ಬರಲಿಲ್ಲ. ಶ್ರಾವಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬಂದಳು. ಅವ್ವ ಮನೆಯಲ್ಲೇ ಇದ್ದಳು, ಪಂಚಮಿಯ ಉಂಡಿಗೆ ಶೇಂಗಾ ಹುರಿಯುತ್ತಿದ್ದಳು. ನೀಲಾ ಮಷೀನಿನ ಮೇಲಿದ್ದ ಟೇಪು ತೆಗೆದು ನನ್ನ ಕೈಗೆ ಕೊಟ್ಟಳು.

"ಹಿಡಿ," ಎಂದಳು.

ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಎದೆಗೆ ಟೇಪು ಹಿಡಿದೆ. ಅಳತೆಯನ್ನು ಬಾಯಿಬಿಟ್ಟು ಹೇಳಿದೆ. ಅವಳು ಉಸಿರು ಬಿಟ್ಟು, "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಹಿಡಿದೆ. ಅಷ್ಟೇ ಬಂತು. ನನ್ನ ಕುಬಸಕ್ಕಿಂತ ಬಹಳ ಕಡಿಮೆ.

"ಬರಿ."

ಅಳತೆಯ ವಹಿಯಲ್ಲಿ ನೀಲಾ ಎಂದು ಬರೆದು ಕೆಳಗೆ ಅಂಕಿಗಳನ್ನು ಬರೆದೆ. "ಒಳಗ ಎಷ್ಟ ಬಿಡಲಿ?" ಎಂದೆ, ರೂಢಿಯ ಮಾತು, ತಾನಾಗಿಯೇ ಬಂತು.

"ಏನೂ ಬಿಡಬ್ಯಾಡ. ಇದ್ದಷ್ಟಕ್ಕ ಹೊಲಿ. ಇಷ್ಟೂ ನನ್ನದ."

ಅಡುಗೆಮನೆಯಲ್ಲಿ ಶೇಂಗಾ ಸಿಡಿಯುವ ಸದ್ದು ನಿಂತಿತ್ತು. ಅವ್ವ ಸೆರಗಿಗೆ ಕೈ ಒರೆಸುತ್ತ ಬಂದು, ಟ್ರಂಕು ತೆರೆದು, ಒಂದು ಕೆಂಪು ಖಣ ತೆಗೆದಳು. ಯಾವಾಗ ತಂದಿಟ್ಟಿದ್ದಳೋ ನನಗೆ ಗೊತ್ತಿಲ್ಲ. "ಅಕಿಗೆ ಇದರಾಗ ಹೊಲಿ" ಎಂದಳು ನನಗೆ. ನೀಲಾಳತ್ತ ನೋಡದೆ, "ಪಂಚಮಿ ದಿವಸ ಉಣ್ಣಲಿಕ್ಕೆ ಬಾ, ತಡಾ ಮಾಡಬ್ಯಾಡ" ಎಂದು ಒಳಗೆ ಹೋದಳು.

ನಾನು ಮನೆಯಲ್ಲೇ ಇರುವವಳು. ಪಂಚಮಿಗೆ ತವರಿಗೆಂದು ಬರುವ ಮಗಳು ನಮ್ಮ ಮನೆಗೆ ಅವಳೊಬ್ಬಳೇ ಆದಳು. ಮುಂದೆ ಊರಾಚೆಯ ಮಗರಪಟ್ಟಾದ ಆಫೀಸೊಂದರಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಪ್ರತಿ ವರ್ಷ ಒಂದು ಕುಬಸ, ಅದೇ ಅಳತೆ. ಸೆರಗನ್ನು ಎಳೆದೆಳೆದು ಮುಚ್ಚಿಕೊಳ್ಳುವುದನ್ನು ಯಾವಾಗಲೋ ಬಿಟ್ಟಿದ್ದಳು. ಹೋದ ವರ್ಷ ಬೇಸಿಗೆಯ ಕೊನೆಗೆ ಜ್ವರ ಬಂತು, ಎಂಟು ದಿನದಲ್ಲಿ ಮುಗಿಯಿತು. ಕೊನೆಯ ನೀರು ಹಾಕಲು ವಾಡೆಯ ಹೆಂಗಸರು ಹೋಗಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಾಗ ಅವ್ವ, "ಮಗಳಿಗೆ ತಾಯಿ ಹಾಕತಾಳ, ಸರೀರಿ" ಎಂದಳು. ಆ ಮೊದಲ ಕೆಂಪು ಕುಬಸವನ್ನು ನಾನು ತೊಡಿಸಿದೆ. ಎಲ್ಲಿಯೂ ಎಳೆಯಬೇಕಾಗಲಿಲ್ಲ.

ಈಗ ಈ ಎರಡು ಖಣ. ಮೂರು ದಿನ ಕಳೆದವು. ಆತು ಎಂದ ನಾನು ಹಸಿರನ್ನು ಕತ್ತರಿಸಿದೆ, ಇನ್ನೊಂದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅವ್ವ ಶೇಂಗಾದ ಸಿಪ್ಪೆ ಕೇರುತ್ತಿದ್ದಾಗ ಹತ್ತಿರ ಹೋಗಿ ಕುಳಿತೆ.

"ಅವ್ವಾ, ನೀಲಾ ಇಲ್ಲ. ಹೋದ ವರ್ಷ ಹೋದಳು," ಎಂದೆ.

ಅವ್ವ ಮೊರವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ನನಗ ಮರವು ಹತ್ತ್ಯದ ಅಂತ ತಿಳದಿ ಏನು? ನೀರು ಹಾಕಿದ ಕೈ ಇದು." ಮತ್ತೆ ಮೊರ ಎತ್ತಿಕೊಂಡಳು. ಎರಡು ಸಲ ಕೇರಿದ ಮೇಲೆ ಹೇಳಿದಳು: "ಖಣ ಕೊಡಬೇಕಾದಾಗ, ದೀಪಾವಳಿ ಅಂಗಿ ಬಟ್ಟಿ ನೆವಾ ಮಾಡಿ ಎಷ್ಟೋ ಪಂಚಮಿ ಕಳದೆ. ನಾ ಇರೂತನಕ ತರತೀನಿ. ನೀ ಹೊಲಿ. ಅಳತಿ ಅದಲ್ಲ ನಿನ್ನ ಹತ್ರ."

ವಹಿ ತೆರೆದೆ. ಅದರಲ್ಲಿ ಬೇರೆ ಹೆಂಗಸರ ಅಂಕಿಗಳ ಮೇಲೆಲ್ಲ ಗೀಟು, ಪಕ್ಕದಲ್ಲಿ ಹೊಸ ಅಂಕಿ, ಅದರ ಮೇಲೂ ಗೀಟು. ನೀಲಾಳ ಪುಟದಲ್ಲಿ ಒಂದೇ ಸಲ ಬರೆದದ್ದು ಹಾಗೇ ಇದೆ. ಕುಂಕುಮದ ಬಣ್ಣದ ಖಣವನ್ನು ಹರವಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಕೈ ರೂಢಿಯಂತೆ ಗುರುತಿನಿಂದ ಎರಡು ಬೆರಳು ಆಚೆ ಹೋಯಿತು. ಹಿಂದಕ್ಕೆ ತಂದೆ. ಹೊಲಿಗೆ ಹಿಡಿಯುವಷ್ಟು ಮಾತ್ರ ಬಿಟ್ಟು ಕತ್ತರಿಸಿದೆ.