ಕಾರ್ಡಿಗೆ ಹಾಕಿದ ಲಾಕ್

“ನನ್ನ ಕಾರ್ಡ್ ಬದಲಿ ಮಾಡಿದ್ರೇನ್ರಿ?” ಜಮಖಂಡಿಯ ಸ್ಟುಡಿಯೋದಲ್ಲಿ ನಾನು ಜೋರಾಗಿಯೇ ಕೇಳಿದೆ. ಕಿವಿ ಕೇಳದ ನನ್ನ ಮಗಳು ಶ್ರವಣಯಂತ್ರ ಹಾಕಿಸಿಕೊಂಡ ಮೇಲೆ ಮೊದಲ ಸಲ ‘ಅವ್ವಾ’ ಎಂದದ್ದು ವಿಡಿಯೊ ಕ್ಯಾಮೆರಾದ ಆ ಮೆಮೊರಿ ಕಾರ್ಡಿನಲ್ಲಿತ್ತು. ಮನೆಯಲ್ಲಿ ಅದು ಕಂಪ್ಯೂಟರಿಗೆ ನಕಲಾಗುತ್ತಿರುವಾಗಲೇ ಅವಸರಕ್ಕೆ ಕಿತ್ತಿದ್ದೆ. ಆಮೇಲೆ ಕಾರ್ಡ್ ಖಾಲಿ ತೋರಿಸಿತ್ತು. ಹೋದ ವಿಡಿಯೊ ಮರಳಿ ತೆಗೆಸಲು ಇಲ್ಲಿಗೆ ತಂದಿದ್ದೆ. ಸ್ಟುಡಿಯೋದವರು ನನಗೆ ಬೆನ್ನು ಮಾಡಿ ನಿಂತು ಉಗುರಿನಿಂದ ಅದರಲ್ಲಿ ಏನೋ ಸರಿಸಿದ್ದು ಕಂಡು ಸಂಶಯ ಬಂದಿತ್ತು.

“ಇಲ್ರಿ ಅಕ್ಕಾರ, ಬಾಜೂಕಿನ ಲಾಕ್ ಹಾಕೇನ್ರಿ. ಇನ್ನ ಇದರ ಮ್ಯಾಲೆ ಹೊಸದೇನೂ ಬೀಳಂಗಿಲ್ಲ, ಬಿದ್ರ ಹಳೇದು ಪೂರ್ತಿ ಅಳಿಸಿ ಹೋಗ್ತೈತ್ರಿ,” ಎಂದರು ಅವರು, ಸಿಟ್ಟಾಗದೆ. ಆದರೂ ನಂಬದೆ, ಕುರ್ಚಿ ಎಳೆದುಕೊಂಡು ಅವರ ಕೈಯನ್ನೇ ನೋಡುತ್ತ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಸ್ಪೀಕರಿನಲ್ಲಿ ಮಗಳ ದನಿ ಕೇಳಿಸಿತು. ಅವರೂ ಕಣ್ಣೊರೆಸಿಕೊಂಡರು.

ಕಾರ್ಡ್ ಕಿತ್ತ ಕೈ ನನ್ನದು, ನಾನು ಅನುಮಾನಿಸಿದ್ದು ಅವರ ಕೈಯನ್ನು. ಕ್ಷಮೆ ಕೇಳಬೇಕಿತ್ತೆಂದು ಹೊಳೆದದ್ದು ಬನಹಟ್ಟಿ ಬಸ್ಸು ಹತ್ತಿದ ಮೇಲೆ.