ಕೇಬಲ್ಲಿಗೆ ಬಿದ್ದ ಎರಡು ಕಚ್ಚು

ಚಾರ್ಜರ್ ಕೊಳ್ಳುವಾಗ ನಾನು ಅಂಗಡಿಯವರಿಗೆ ಬಹಳ ತ್ರಾಸು ಕೊಡುತ್ತೇನೆ. ಮೊನ್ನೆ ಸೋಲಾಪುರದ ವಿಜಾಪುರ ರಸ್ತೆಯ ಅಂಗಡಿಯಲ್ಲೂ ಹಾಗೇ ಆಯಿತು. ಫೋನು, ಟ್ಯಾಬು ಎರಡಕ್ಕೂ ಆಗುವಂಥದ್ದು ಬೇಕಿತ್ತು. ಅಂಗಡಿಯವನು ತೋರಿಸಿದ ಐದಾರನ್ನು ಅಂಗೈಯಲ್ಲಿಟ್ಟು ತೂಗಿದೆ. ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ, ಎಷ್ಟು ವೋಲ್ಟ್ ಎಷ್ಟು ಆಂಪಿಯರ್ ಎಂದು ಬರೆಯದಿದ್ದವನ್ನು ಬದಿಗೆ ಸರಿಸಿದೆ. ಒಂದನ್ನು ನನ್ನದೇ ಟ್ಯಾಬಿಗೆ ಹಚ್ಚಿಸಿ, ಹತ್ತು ನಿಮಿಷ ನಿಂತು, ಕಾಯ್ದಿದೆಯೇ ಎಂದು ಮುಟ್ಟಿ ನೋಡಿದೆ. ಕಡೆಗೆ ಕೇಬಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಸವರತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ.

“ಬಾಯೀರ, ಚಾರ್ಜರ್ ತಗೊಳ್ಳಾಕ ಬಂದೀರೋ, ವರಾ ನೋಡಾಕ ಬಂದೀರೋ?”

ನನಗೂ ನಗು ಬಂತು. ವರನನ್ನು ನಾನು ಇದರ ಅರ್ಧದಷ್ಟೂ ನೋಡಿರಲಿಲ್ಲ. ಆದರೆ ಕೇಬಲ್ ಸವರುವುದನ್ನು ಮಾತ್ರ ಬಿಡಲಾರೆ. ಅದನ್ನು ಕಲಿತದ್ದು ಅಕ್ಕಲಕೋಟದ ಒಂದು ಅಂಗಡಿಯಲ್ಲಿ, ಅಪ್ಪನ ಎದುರಿಗೆ.

ನಮ್ಮದು ಮೈಂದರ್ಗಿಯ ಆಚೆ, ಹೊಲಗಳ ನಡುವಿನ ವಸ್ತಿ. ನಾಲ್ಕು ಮನೆ, ನಾಲ್ಕರಲ್ಲೂ ಕುರಿ. ಆ ನಾಲ್ಕು ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಸೋಲಾಪುರದ ಹಾಸ್ಟೆಲ್ಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದೆ, ಫಿಸಿಕ್ಸ್. ಕೊನೆಯ ವರ್ಷದಲ್ಲಿ ಕೊರೊನಾ ಬಂತು. ಹಾಸ್ಟೆಲ್ ಮುಚ್ಚಿತು, ಪೆಟ್ಟಿಗೆ ಹೊತ್ತುಕೊಂಡು ವಸ್ತಿಗೆ ಮರಳಿದೆ. ಕಡೆಯ ಪರೀಕ್ಷೆ ಆನ್‌ಲೈನ್ ಎಂದು ತಿಳಿಸಿದರು. ಒಂದು ತಾಸು, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದನ್ನು ಪರದೆಯ ಮೇಲೆ ಮುಟ್ಟಬೇಕು. ಅಪ್ಪ ಎರಡು ಟಗರು ಮಾರಿ, ಯಾರೋ ಬಳಸಿ ಬಿಟ್ಟ ಟ್ಯಾಬೊಂದನ್ನು ತಂದ. ಟ್ಯಾಬು ಬಂತು, ಅದರ ಚಾರ್ಜರ್ ಬರಲಿಲ್ಲ.

ವಸ್ತಿಗೆ ಇದ್ದದ್ದು ಹೊಲದ ಪಂಪಿನ ಲೈನು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮ ಕಡೆಯ ಫೋನುಗಳೆಲ್ಲ ಮೈಂದರ್ಗಿಯ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದವು. ಅಲ್ಲಿ ಗೋಡೆಗೆ ಉದ್ದನೆಯ ಪ್ಲಗ್ ಬೋರ್ಡು ಬಡಿದಿದ್ದರು. ಜೋಳ ಸುರಿಯುವುದು, ಫೋನು ಹಚ್ಚುವುದು, ಹಿಟ್ಟಿನ ಜೊತೆಗೆ ಅದನ್ನೂ ಮನೆಗೆ ಒಯ್ಯುವುದು. ಬಿಸಿ ಹಿಟ್ಟಿನ ಆ ವಾಸನೆ ನೆನಪಾದರೆ ಈಗಲೂ ನನಗೆ ಮೊದಲು ಕಣ್ಣಿಗೆ ಬರುವುದು ರೊಟ್ಟಿಯಲ್ಲ. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಅಪ್ಪ, ಕೈಯಲ್ಲಿ ಟ್ಯಾಬು.

ಮೊದಲ ಚಾರ್ಜರನ್ನು ಅಪ್ಪ ಅಕ್ಕಲಕೋಟದ ಒಂದು ಕೈಗಾಡಿಯಿಂದ ತಂದಿದ್ದ. ಚುರುಮುರಿಯಷ್ಟು ಹಗುರ. ಹಚ್ಚಿದ ಸ್ವಲ್ಪ ಹೊತ್ತಿಗೆ ಹಂಚಿನಂತೆ ಕಾಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ಅದನ್ನು ಹಚ್ಚಿಕೊಂಡು ಅಭ್ಯಾಸದ ಪರೀಕ್ಷೆ ಬರೆಯಲು ಕೂತರೆ ನಾನು ಮುಟ್ಟದ ಉತ್ತರಗಳು ತಾವೇ ಒತ್ತಿಕೊಳ್ಳುತ್ತಿದ್ದವು. ಎರಡನೆಯದನ್ನು ಮುಟ್ಟಿದರೆ ನಾಲ್ಕನೆಯದು ಹಸಿರಾಗುತ್ತಿತ್ತು. ಚಾರ್ಜರ್ ತೆಗೆದರೆ ಪರದೆ ಸುಮ್ಮನಾಗುತ್ತಿತ್ತು, ಆದರೆ ಮುದಿ ಬ್ಯಾಟರಿ ಒಂದು ತಾಸು ತಾಳುತ್ತಿರಲಿಲ್ಲ. ಮೂರು ವರ್ಷದ ಓದು ಒಂದು ಅಗ್ಗದ ಚಾರ್ಜರಿನ ಕೈಗೆ ಸಿಕ್ಕಿತ್ತು.

ಮರುದಿನ ನಾನೇ ಅಕ್ಕಲಕೋಟಕ್ಕೆ ಹೋದೆ. ಅಂಗಡಿಗಳು ಅರ್ಧ ಬಾಗಿಲು ತೆರೆಯುತ್ತಿದ್ದ ದಿನಗಳು. ಒಬ್ಬ ವಯಸ್ಸಾದ ಅಂಗಡಿಕಾರ ತಾಳ್ಮೆಯಿಂದ ಎಲ್ಲ ತೋರಿಸಿದ. ನಾನು ಟ್ಯಾಬಿನ ಬೆನ್ನು ಓದಿದೆ, ಚಾರ್ಜರಿನ ಬೆನ್ನು ಓದಿದೆ. ಐದು ವೋಲ್ಟ್, ಎರಡು ಆಂಪಿಯರ್, ಎರಡೂ ತಾಳೆಯಾದವು. ದಪ್ಪ ಕೇಬಲ್ಲೇ ಬೇಕು, ತೆಳುವಾದದ್ದರಲ್ಲಿ ವಿದ್ಯುತ್ತು ದಾರಿಯಲ್ಲೇ ಸೋರುತ್ತದೆ ಎಂದೆ. ಅವನು ತಲೆದೂಗಿದ. ಕ್ಲಾಸಿನಲ್ಲಿ ಓದಿದ್ದು ಅಂಗಡಿಯ ಕಟ್ಟೆಯ ಮೇಲೆ ಉಪಯೋಗಕ್ಕೆ ಬಂದ ಮೊದಲ ದಿನ ಅದು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಗಿರಣಿಯಲ್ಲಿ ಹಚ್ಚಿದರೆ ಟ್ಯಾಬು ಎರಡೂವರೆ ತಾಸಿನಲ್ಲಿ ತುಂಬಿತು. ಪರದೆಯೂ ಹೇಳಿದ ಮಾತು ಕೇಳಿತು.

ಅಂದಿನಿಂದ ಟ್ಯಾಬು ಒಯ್ದು ತರುವ ಕೆಲಸ ಅಪ್ಪನದು. ಎರಡು ದಿನ ಕಳೆದ ಮೇಲೆ ನೋಡಿದರೆ ಕೇಬಲ್ಲಿನ ತುದಿಯಲ್ಲಿ ಅವ್ವ ನೂತ ಕರಿ ಉಣ್ಣೆಯ ದಾರ ಸುತ್ತಿತ್ತು. ಗಿರಣಿಯಲ್ಲಿ ಹತ್ತು ಜನರ ಚಾರ್ಜರ್ ಒಂದೇ ಕಡೆ ಬೀಳುತ್ತವೆ, ನಮ್ಮದು ಅದಲು ಬದಲಾಗಬಾರದು ಎಂದು ಸುತ್ತಿದ್ದಾನೆ ಅಂದುಕೊಂಡೆ. ಚಂದ ಕಂಡಿತು. ಮುಟ್ಟಲಿಲ್ಲ.

ಆಮೇಲೆ ಟ್ಯಾಬು ತುಂಬುವುದನ್ನು ನಿಲ್ಲಿಸಿತು. ಚಾರ್ಜ್ ಆಗುತ್ತಿರುವ ಮಿಂಚಿನ ಗುರುತು ಇರುತ್ತಿತ್ತು, ಅಂಕಿ ಮೇಲೇರುತ್ತಿರಲಿಲ್ಲ. ಇಡೀ ಮಧ್ಯಾಹ್ನ ಗಿರಣಿಯಲ್ಲಿದ್ದರೂ ಅರ್ಧ. ಹಚ್ಚಿಕೊಂಡೇ ಓದಿದರೆ ಅಂಕಿ ಕೆಳಗಿಳಿಯುತ್ತಿತ್ತು. ಮೂರು ದಿನ ಹೀಗೇ ಕಳೆಯಿತು. ಪರೀಕ್ಷೆಗೆ ಒಂದೇ ದಿನ ಉಳಿದಾಗ ಅಪ್ಪನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಅಕ್ಕಲಕೋಟಕ್ಕೆ ಹೊರಟೆ, ಜಗಳವಾಡಲೆಂದೇ.

ಜಗಳ ಮರಾಠಿಯಲ್ಲಿ ಆಡಿದೆ. ಅಂಗಡಿ, ಕಚೇರಿ ಎಂದರೆ ನಮಗೆ ನಾಲಿಗೆ ತಾನಾಗಿಯೇ ಅತ್ತ ಹೊರಳುತ್ತದೆ. ಮೂರು ದಿನದಿಂದ ತುಂಬುತ್ತಿಲ್ಲ, ನಾನು ಫಿಸಿಕ್ಸ್ ಓದಿದವಳು, ಹಳ್ಳಿಯವರೆಂದು ಖೋಟಾ ಮಾಲು ಕೊಟ್ಟರೆ ಸುಮ್ಮನಿರುವವಳಲ್ಲ ಎಂದೆ. ಅಂಗಡಿಕಾರ ನನ್ನ ಕೈಯಿಂದ ಎಲ್ಲ ತೆಗೆದುಕೊಂಡ. ಚಾರ್ಜರಿಗೆ ಬೇರೆ ಕೇಬಲ್ ಹಚ್ಚಿ ಟ್ಯಾಬಿಗೆ ಕೊಟ್ಟ; ಅಂಕಿ ಏರತೊಡಗಿತು. ಆಮೇಲೆ ನಮ್ಮ ಕೇಬಲ್ ತೆಗೆದುಕೊಂಡು ಉಣ್ಣೆಯ ದಾರ ಬಿಚ್ಚಿದ. ಒಳಗೆ ಎರಡು ಕಚ್ಚು. ಅಕ್ಕಪಕ್ಕ, ಅಳೆದು ಹಾಕಿದಂತೆ, ಚೂಪಾದ ಕತ್ತರಿಯಲ್ಲಿ ಹಾಕಿದವು.

ನೋಡಿದ ಕೂಡಲೇ ನನಗೆ ತಿಳಿಯಿತು. ನಮ್ಮ ಮನೆಯ ಪ್ರತಿ ಕುರಿಯ ಬಲಗಿವಿಯ ಅಂಚಿನಲ್ಲೂ ಅಂಥವೇ ಎರಡು ಕಚ್ಚುಗಳಿವೆ. ಬೇರೆಯವರ ಹಿಂಡಿನಲ್ಲಿ ಬೆರೆತರೂ ನಮ್ಮದು ಇಂಥದ್ದು ಎಂದು ಎಳೆದು ತರಲು ಇರುವ ಗುರುತು.

ಇದನ್ನು ಯಾರು ಕತ್ತರಿಸಿದರು ಎಂದು ಅಂಗಡಿಕಾರ ಕೇಳಿದ. ಅಪ್ಪನ ಹೆಗಲ ಮೇಲಿನ ಕಂಬಳಿ ನೋಡಿ, ಕನ್ನಡದ ಕುರಿಯವರೆಂದು ತಿಳಿದು, ಕನ್ನಡದಲ್ಲೇ ಕೇಳಿದ.

“ನಾನ ರಿ,” ಎಂದ ಅಪ್ಪ. “ಅಲ್ಲಿ ಗಿರಣ್ಯಾಗ ಎಲ್ಲಾ ಕರೇ ಕುರಿ ಇದ್ದಂಗ ಒಂದ ನಮೂನಿ ಅದಾವ. ದಾರಾ ಯಾರರೆ ಬಿಚ್ಚತಾರ. ಕಚ್ಚು ಬಿಚ್ಚಾಕ ಬರತೈತೇನ್ರಿ?”

ಅಂಗಡಿಕಾರ ಬೈಯಲಿಲ್ಲ. ಒಳಗೆ ನಾಲ್ಕು ತಂತಿ ಇರುತ್ತವೆ, ಎರಡು ದಪ್ಪನೆಯವು ವಿದ್ಯುತ್ತು ಒಯ್ಯುತ್ತವೆ, ಎರಡು ಸಣ್ಣವು ಎಷ್ಟು ಬೇಕು, ಎಷ್ಟು ಕೊಡಲಿ ಎಂದು ಚಾರ್ಜರಿಗೂ ಟ್ಯಾಬಿಗೂ ಮಾತು ನಡೆಸುತ್ತವೆ ಎಂದು ಹೇಳಿದ. ಕಚ್ಚು ಸಣ್ಣವನ್ನು ಕಡಿದಿತ್ತು. ಮಾತು ನಿಂತ ಮೇಲೆ ಟ್ಯಾಬು ಅಂಜಿ ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ದಪ್ಪನೆಯದಕ್ಕೂ ಕತ್ತರಿ ತಾಗಿದ್ದರೆ ಸುಟ್ಟೇ ಹೋಗುತ್ತಿತ್ತು ಎಂದ.

ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ, ಇಂದಿಗೂ ನೆನೆದರೆ ಚುಚ್ಚುವ ಮಾತೊಂದು ಬಾಯಿಂದ ಬಿತ್ತು. “ನಮ್ಮಪ್ಪಗ ಇದೆಲ್ಲಾ ತಿಳಿಯಂಗಿಲ್ರಿ. ಅಂವ ಸಾಲಿ ಕಲಿತಿಲ್ಲ.”

ಅಪ್ಪ ದಾರವನ್ನು ಎತ್ತಿಕೊಂಡು ಬೆರಳಿಗೆ ಸುತ್ತುತ್ತ ನಿಂತ.

“ಅಂವ ಕಲಿತಿಲ್ಲ, ಖರೆ,” ಎಂದ ಅಂಗಡಿಕಾರ. “ನೀವು ಕಲತವರು ಮೂರ್ ದಿನ ಇದನ್ನ ಕೈಯಾಗ ಹಿಡದೀರಿ. ಒಮ್ಮೆರೆ ಬೆರಳ ಆಡಿಸಿ ನೋಡಿದ್ರೇನು?”

ಹೊಸ ಕೇಬಲ್ ತೆಗೆದುಕೊಂಡೆವು. ಮೈಂದರ್ಗಿ ಕಾಣಿಸಿದಾಗ ಅಪ್ಪ ಗಾಡಿಯ ವೇಗ ತಗ್ಗಿಸಿ, ಹಿಂದೆ ನೋಡದೆ ಕೇಳಿದ.

“ನಾಳಿಗೆ ಗಿರಣಿಗೆ ನಾ ಬರ್ಲೋ, ಬ್ಯಾಡೋ?”

“ನೀ ಬರ್ಲಿಲ್ಲಂದ್ರ ಚಾರ್ಜರ್ ಯಾರು ಕಾಯ್ತಾರ, ಯಪ್ಪಾ?” ಎಂದೆ. ಅವನು ಗಾಡಿಯ ವೇಗ ಹೆಚ್ಚಿಸಿದ.

ಪರೀಕ್ಷೆ ಬರೆದದ್ದು ಗಿರಣಿಯಲ್ಲೇ. ನೆಟ್‌ವರ್ಕ್ ಇದ್ದದ್ದೂ ಅಲ್ಲೇ. ಗಿರಣಿ ತಿರುಗಿದರೆ ವೋಲ್ಟೇಜ್ ಇಳಿಯುತ್ತದೆ ಎಂದು ನಾನು ಅಂಜುತ್ತ ಹೇಳಿದಾಗ ಗಿರಣಿ ನಡೆಸುವ ಹೆಂಗಸು, ಎಲ್ಲರ ಕಾಕು, ಯಂತ್ರದ ಪಟ್ಟಾ ಕಳಚಿಬಿಟ್ಟಳು. ಜೋಳ ತಂದವರಿಗೆಲ್ಲ, ಹುಡುಗಿ ಪದವೀಧರ ಆಗಾಕತ್ತಾಳ, ಒಂದು ತಾಸು ತಡದು ತಿಂದರ ಹೊಟ್ಟಿ ಸಾಯೂದಿಲ್ಲ ಎಂದು ಹೇಳಿ ಬಾಗಿಲ ಹೊರಗೆ ಕೂರಿಸಿದಳು. ಅಪ್ಪ ಹೊಸ ಕೇಬಲ್ಲಿಗೆ ಕತ್ತರಿ ತಾಗಿಸಲಿಲ್ಲ. ಸೊಂಟದ ಚೀಲದಿಂದ ನಮ್ಮ ದೇವರು ಬೀರೋಬಾನ ಭಂಡಾರ ತೆಗೆದು ಚಾರ್ಜರಿಗೆ ಒಂದು ಬೆರಳು ಅರಿಶಿನ ಬಳಿದ, ಅಷ್ಟೇ. ಆ ಚಾರ್ಜರ್ ಇನ್ನೂ ನಡೆಯುತ್ತಿದೆ. ಹಳದಿಯೂ ಪೂರ್ತಿ ಹೋಗಿಲ್ಲ. ಕಚ್ಚು ಬಿದ್ದ ಕೇಬಲ್ ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲಿನಲ್ಲಿದೆ.

ಅಪ್ಪನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಕುರಿ ಸಾಕಿದವನಿಗೆ ಎಣಿಕೆ ಬಾರದೆ ನಡೆಯದು. ಆ ಒಂದು ತಾಸು ಅವನು ಪ್ರಶ್ನೆ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪ್ಲಗ್ ಬೋರ್ಡಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಟ್ಯಾಬಿನ ಮೂಲೆಯ ಬ್ಯಾಟರಿಯ ಅಂಕಿಯ ಮೇಲೇ ಕಣ್ಣಿಟ್ಟಿದ್ದ. ಕಡೆಯ ಉತ್ತರ ಮುಟ್ಟಿ, ಪೇಪರು ಸಲ್ಲಿಕೆಯಾಯಿತೆಂಬ ಹಸಿರು ಗುರುತು ಬಂದ ಮೇಲೆ ನಾನು ತಲೆಯೆತ್ತಿದೆ.

“ತೊಂಬತ್ತ ಉಳದೈತಿ,” ಎಂದ. “ಇನ್ನೊಂದ ಪರೀಕ್ಷಾ ಇದ್ರೂ ಬರೀಬಹುದು.”